ಕೀಲಿಮಣೆಯ ಆಯ್ಕೆ ಮತ್ತು ಸ್ಪೇಸ್‌ಬಾರು

ಬರೆಯುವವನಿಗೆ ಲೇಖನಿ ಹೇಗೋ, ಒಕ್ಕಲಿಗನಿಗೆ ಕುಂಟೆ ಹೇಗೋ, ಗಣಕಯಂತ್ರದ ಮುಂದೆ ಕುಳಿತು ದುಡಿಯುವವನಿಗೆ ಕೀಲಿಮಣೆಯು ಹಾಗೆ. ಒಕ್ಕಲಿಗನು ಕುಂಟೆಯನ್ನು ಕೊಳ್ಳುವಾಗ ಅದರ ಬಣ್ಣಕ್ಕೆ ಮರುಳಾಗುವುದಿಲ್ಲ; ಅದರ ಕುಡವನ್ನು ಮುಟ್ಟಿ ನೋಡುತ್ತಾನೆ, ನೆಲಕ್ಕೆ ಸಮನಾಗಿ ಕೂರುತ್ತದೆಯೇ ಎಂದು ಪರೀಕ್ಷಿಸುತ್ತಾನೆ. ಆದರೆ ಅವನ ಮಕ್ಕಳಾದ ನಾವು ಕೀಲಿಮಣೆಯನ್ನು ಕೊಳ್ಳುವಾಗ ಮೊದಲು ನೋಡುವುದು ಅದರೊಳಗೆ ಹೊಳೆಯುವ ಕೆಂಪು ಹಸಿರು ದೀಪಗಳನ್ನು. ದೀಪದಿಂದ ಅಕ್ಷರ ಮೂಡುವುದಿಲ್ಲ. ಕೀಲಿಮಣೆಯ ಗುಣಾವಗುಣಗಳನ್ನು ತಿಳಿಯಬೇಕಾದರೆ ಅದರ ಕೆಳತುದಿಯಲ್ಲಿರುವ ಉದ್ದನೆಯ ಕೀಲಿಯನ್ನು, ಅಂದರೆ ಪದ ಪದಗಳ ನಡುವೆ ಅಂತರವನ್ನು ಕೊಡುವ ಸ್ಪೇಸ್‌ಬಾರನ್ನು, ಮೊದಲು ಪರೀಕ್ಷಿಸಬೇಕೆಂಬುದು ಈ ಲೇಖನದ ಮುಖ್ಯ ಅಭಿಪ್ರಾಯ.

ಇಷ್ಟು ಸಣ್ಣ ವಸ್ತುವಿನ ವಿಚಾರಕ್ಕೆ ಕಾಲೇಜಿನ ವಾರ್ಷಿಕ ಸಂಚಿಕೆಯ ಪುಟಗಳೇಕೆ ಎಂದು ಕೆಲವರು ಕೇಳಬಹುದು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳಿಂದ ಬಂದ ನಮ್ಮಂಥವರಿಗೆ ಇದು ಸಣ್ಣ ವಿಚಾರವಲ್ಲ. ನಮ್ಮ ಸೀಮೆಯು ೧೯೪೮ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ಆಗ ಕಚೇರಿಯ ಭಾಷೆ ಉರ್ದುವಾಗಿತ್ತು. ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯದೊಡನೆ ಸೇರಿದ ಮೇಲೆಯೇ ಕನ್ನಡವು ಇಲ್ಲಿಯ ಕಚೇರಿಗಳಲ್ಲಿ ಗಟ್ಟಿಯಾಗಿ ನೆಲೆಯೂರಲು ಅವಕಾಶವಾಯಿತು. ಸಂವಿಧಾನದ ೩೭೧ನೆಯ ಜೆ ವಿಧಿಯು ೨೦೧೩ರಲ್ಲಿ ಜಾರಿಗೆ ಬಂದು, ಸರಕಾರಿ ಹುದ್ದೆಗಳಲ್ಲಿ ಈ ಭಾಗದವರಿಗೆ ಮೀಸಲಾತಿಯೂ ದೊರೆತಿದೆ. ಅಂಥ ಹುದ್ದೆಗಳಲ್ಲಿ ಹಲವಕ್ಕೆ ಕನ್ನಡ ಬೆರಳಚ್ಚು ತಿಳಿದಿರಬೇಕು. ನ್ಯಾಯಾಲಯಗಳ ಬೆರಳಚ್ಚುಗಾರ ಹುದ್ದೆಗೆ ಪ್ರೌಢ ದರ್ಜೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಬಿ.ಎ. ಪದವಿಯೊಂದನ್ನೇ ನಂಬಿ ಕುಳಿತುಕೊಳ್ಳುವ ಕಾಲ ಇದಲ್ಲವೆಂಬುದನ್ನು ಅಂತಿಮ ವರ್ಷದಲ್ಲಿರುವ ನಾವೆಲ್ಲರೂ ಬಲ್ಲೆವು.

ಇನ್ನೊಂದು ಮಾತು. ತಹಶೀಲ ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಗಳಲ್ಲಿ ನಮ್ಮ ತಂದೆತಾಯಂದಿರು ಅರ್ಜಿ ಬರೆಸಿಕೊಳ್ಳಲು ಸಾಲಿನಲ್ಲಿ ನಿಲ್ಲುವುದನ್ನು ನಾವು ನೋಡುತ್ತ ಬೆಳೆದಿದ್ದೇವೆ. ಬರೆಸಿಕೊಳ್ಳುವವರ ಸಾಲನ್ನು ಬಿಟ್ಟು ಬರೆಯುವವರ ಕುರ್ಚಿಗೆ ಬಂದಿರುವ ಮೊದಲ ತಲೆಮಾರು ನಮ್ಮದು. ಬೆರಳಚ್ಚಿನಲ್ಲಿ ಒಂದು ತಪ್ಪಾದರೆ ಎಷ್ಟು ದಿನದ ಕೂಲಿ ಹೋಗುತ್ತದೆಂಬುದು ನಮಗೆ ತಿಳಿಯದ ಸಂಗತಿಯಲ್ಲ.

ಕನ್ನಡದಲ್ಲಿ ಅಂತರವೆಂಬುದು ಬರಿಯ ಖಾಲಿ ಜಾಗವಲ್ಲ, ಅದಕ್ಕೆ ಅರ್ಥವಿದೆ. ‘ಪರಿಹಾರ ಕೊಡಬೇಕಾಗಿದೆ’ ಎಂದು ಬರೆಯುವಾಗ ಹೆಬ್ಬೆರಳು ನಡುವೆ ಒಮ್ಮೆ ತಗಲಿ ‘ಕೊಡ ಬೇಕಾಗಿದೆ’ ಎಂದಾದರೆ, ಅರ್ಜಿದಾರನು ಪರಿಹಾರವನ್ನು ಬಿಟ್ಟು ನೀರಿನ ಕೊಡವನ್ನು ಕೇಳಿದಂತಾಗುತ್ತದೆ. ‘ಹೊಸಮನಿ’ ಎಂಬುದು ನಮ್ಮ ಕಡೆಯ ಒಂದು ಮನೆತನದ ಹೆಸರು. ‘ಹೊಸ ಮನಿ’ ಎಂದರೆ ಹೊಸದಾಗಿ ಕಟ್ಟಿದ ಮನೆ. ‘ದೊಡ್ಡಮನಿ’ಯ ಮಾತೂ ಇದೇ. ಕೈಬರಹವನ್ನು ಓದುವ ಮನುಷ್ಯನು ಇಂಥ ಕಡೆ ಊಹಿಸಿಕೊಂಡು ಮುಂದೆ ಹೋದಾನು, ಗಣಕಯಂತ್ರಕ್ಕೆ ಊಹೆಯಿಲ್ಲ. ಹೆಸರಿಗೂ ಮನೆತನಕ್ಕೂ ನಡುವೆ ಒಂದು ಅಂತರವಿದ್ದರೆ ಒಂದು ಹೆಸರು, ಎರಡು ಅಂತರವಿದ್ದರೆ ಬೇರೊಂದು ಹೆಸರು ಎಂದೇ ಅದು ಎಣಿಸುತ್ತದೆ, ಹಾಗೆಣಿಸಬಾರದೆಂದು ಮೊದಲೇ ಕಲಿಸಿಕೊಟ್ಟಿದ್ದರೆ ಹೊರತು. ಕಾಗದದ ಮೇಲೆ ಈ ವ್ಯತ್ಯಾಸವು ಕಣ್ಣಿಗೆ ಬೀಳುವುದು ಕಷ್ಟ. ಆದುದರಿಂದಲೇ ಇದು ಅಪಾಯಕರವಾದ ತಪ್ಪು.

ಇನ್ನು ಎಣಿಕೆಯ ವಿಚಾರ. ಕನ್ನಡದ ‘ನುಡಿ’ ತಂತ್ರಾಂಶದಲ್ಲಿ ಬಳಕೆಯಲ್ಲಿರುವುದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಅದರಲ್ಲಿ ‘ನಮ್ಮ ಊರಿಗೆ ಬಸ್ಸು ಬಂತು’ ಎಂಬ ಪುಟ್ಟ ವಾಕ್ಯಕ್ಕೆ ಶಿಫ್ಟನ್ನು ಲೆಕ್ಕಿಸದೆ ಹದಿನೆಂಟು ಅಕ್ಷರದ ಒತ್ತುಗಳೂ ಮೂರು ಅಂತರದ ಒತ್ತುಗಳೂ ಬೇಕು. ಅಂದರೆ ಏಳಕ್ಕೆ ಒಂದು. ನಮ್ಮ ಪದಗಳು ವಿಭಕ್ತಿ ಪ್ರತ್ಯಯಗಳನ್ನು ಸೇರಿಸಿಕೊಂಡು ಉದ್ದವಾಗುವುದರಿಂದ ಇಂಗ್ಲಿಷಿಗಿಂತ ಕನ್ನಡದಲ್ಲಿ ಅಂತರಗಳು ತುಸು ಕಡಿಮೆಯೇ. ಆದರೂ ಯಾವ ಅಕ್ಷರವೂ ಪ್ರತಿಯೊಂದು ಪದದಲ್ಲಿ ಬರಲೇಬೇಕೆಂಬ ನಿಯಮವಿಲ್ಲ. ಅಂತರವು ಮಾತ್ರ ಪ್ರತಿಯೊಂದು ಪದಕ್ಕೂ ಬೇಕೇ ಬೇಕು. ಇಷ್ಟು ದುಡಿಯುವ ಕೀಲಿಯೇ ಕೀಲಿಮಣೆಯಲ್ಲೆಲ್ಲ ಅತ್ಯಂತ ತೊಡಕಿನ ರಚನೆಯುಳ್ಳದ್ದು ಎಂಬುದು ವಿಚಿತ್ರವಾದರೂ ನಿಜ. ಆ ರಚನೆಯನ್ನು ಈಗ ನೋಡೋಣ.

ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಕೀಲಿಮಣೆಗಳು ದೊರೆಯುತ್ತವೆ. ಮೊದಲನೆಯದು ಮೆಂಬ್ರೇನ್. ಇದರಲ್ಲಿ ಎಲ್ಲ ಕೀಲಿಗಳ ಕೆಳಗೂ ತೆಳುವಾದ ಪ್ಲಾಸ್ಟಿಕ್ ಹಾಳೆಗಳಿದ್ದು, ಅವುಗಳ ಮೇಲೆ ವಿದ್ಯುತ್ತಿನ ಗೆರೆಗಳಿರುತ್ತವೆ. ಪ್ರತಿ ಕೀಲಿಯ ಕೆಳಗೆ ಗುಮ್ಮಟದಾಕಾರದ ರಬ್ಬರಿನ ಗುಂಡಿಯಿರುತ್ತದೆ. ಕೀಲಿಯನ್ನು ಒತ್ತಿದಾಗ ಗುಮ್ಮಟವು ಕುಸಿದು ಹಾಳೆಗಳು ಒಂದನ್ನೊಂದು ಮುಟ್ಟುತ್ತವೆ, ಅಕ್ಷರ ಮೂಡುತ್ತದೆ. ಬೆಲೆ ಅಗ್ಗ, ಆದರೆ ರಬ್ಬರು ವರ್ಷಗಳು ಕಳೆದಂತೆ ಬಿರುಸಾಗಿ ಸತ್ವ ಕಳೆದುಕೊಳ್ಳುತ್ತದೆ.

ಎರಡನೆಯದು ಮೆಕ್ಯಾನಿಕಲ್. ಇದರಲ್ಲಿ ಪ್ರತಿಯೊಂದು ಕೀಲಿಗೂ ಸ್ವತಂತ್ರವಾದ ಒಂದು ಸ್ವಿಚ್ಚು ಇರುತ್ತದೆ. ಅದರೊಳಗೆ ಒಂದು ಕಾಂಡ, ಒಂದು ಉಕ್ಕಿನ ಸುರುಳಿ, ಎರಡು ಲೋಹದ ಎಲೆಗಳು. ಜರ್ಮನಿಯ ಚೆರ್ರಿ ಕಂಪನಿಯು ೧೯೮೦ರ ದಶಕದಲ್ಲಿ ಹೊರತಂದ ಎಂಎಕ್ಸ್ ಸ್ವಿಚ್ಚೇ ಇಂದಿನ ಬಹುಪಾಲು ಸ್ವಿಚ್ಚುಗಳಿಗೆ ಮಾದರಿ. ಇವುಗಳ ಕೆಂಪು ಬಗೆಯಲ್ಲಿ ಕೀಲಿಯು ಒಟ್ಟು ೪ ಮಿಲಿಮೀಟರು ಕೆಳಗಿಳಿಯುತ್ತದೆ. ಆದರೆ ೨ ಮಿಲಿಮೀಟರು ಇಳಿದಾಗಲೇ ಅಕ್ಷರ ಮೂಡುತ್ತದೆ. ಬೇಕಾಗುವ ಬಲವು ಸುಮಾರು ೪೫ ಗ್ರಾಂ ತೂಕದಷ್ಟು. ಆದುದರಿಂದ ಬೆರಳು ತಳ ಮುಟ್ಟುವವರೆಗೆ ಗುದ್ದಬೇಕಾಗಿಲ್ಲ. ದಿನವಿಡೀ ಬೆರಳಚ್ಚು ಮಾಡುವವರ ಬೆರಳು ದಣಿಯುವುದು ಕಡಿಮೆ.

ಸ್ವಿಚ್ಚುಗಳನ್ನು ಬಣ್ಣದಿಂದ ಗುರುತಿಸುವುದು ರೂಢಿ. ಕೆಂಪು ಬಗೆಯದು ಅಡೆತಡೆಯಿಲ್ಲದೆ ನೇರವಾಗಿ ಇಳಿಯುತ್ತದೆ. ಕಂದು ಬಗೆಯದರಲ್ಲಿ ಅರ್ಧ ದಾರಿಯಲ್ಲಿ ಬೆರಳಿಗೆ ಒಂದು ಸಣ್ಣ ದಿಣ್ಣೆ ತಗಲಿ, ಅಕ್ಷರ ಮೂಡಿತೆಂದು ತಿಳಿಸುತ್ತದೆ. ನೀಲಿ ಬಗೆಯದರಲ್ಲಿ ಆ ದಿಣ್ಣೆಯ ಜತೆಗೆ ‘ಟಕ್’ ಎಂಬ ಸದ್ದೂ ಇದೆ. ಚೆನ್ನೈಯ ಟಿ.ವಿ.ಎಸ್. ಎಲೆಕ್ಟ್ರಾನಿಕ್ಸಿನವರ ‘ಗೋಲ್ಡ್’ ಎಂಬ ಕೀಲಿಮಣೆಯು ನಮ್ಮ ದೇಶದ ಕಚೇರಿಗಳಲ್ಲಿಯೂ ಡಿ.ಟಿ.ಪಿ. ಅಂಗಡಿಗಳಲ್ಲಿಯೂ ಬಹುಕಾಲದಿಂದ ಹೆಸರುವಾಸಿಯಾಗಿದ್ದು, ಅದರ ಟಕಟಕ ಸದ್ದನ್ನು ಕೇಳದವರು ವಿರಳ. ಹಳೆಯ ಬೆರಳಚ್ಚು ಯಂತ್ರದಲ್ಲಿ ಕೈ ಪಳಗಿದವರಿಗೆ ನೀಲಿಯೇ ಹಿತ. ಆದರೆ ಹಾಸ್ಟೆಲಿನ ಒಂದೇ ಕೋಣೆಯಲ್ಲಿ ನಾಲ್ವರು ಇರುವಾಗ ರಾತ್ರಿ ಹನ್ನೊಂದಕ್ಕೆ ಅದನ್ನು ಬಾರಿಸಿದರೆ ಸ್ನೇಹಕ್ಕೆ ಭಂಗ ಬರುವುದು ಖಂಡಿತ. ಅಂಥವರು ಕಂದನ್ನೋ ಕೆಂಪನ್ನೋ ಆರಿಸುವುದು ಲೇಸು. ಈಗ ಅನೇಕ ಕಂಪನಿಗಳು ಸ್ವಿಚ್ಚುಗಳನ್ನು ತಯಾರಿಸುತ್ತಿದ್ದು, ಒಬ್ಬರ ಕೆಂಪು ಇನ್ನೊಬ್ಬರ ಕೆಂಪಿನಂತೆಯೇ ಇರಬೇಕೆಂದಿಲ್ಲ. ಬಣ್ಣದ ಹೆಸರನ್ನು ನಂಬದೆ ಬೆರಳನ್ನು ನಂಬಬೇಕು.

ಇನ್ನು ಸ್ಪೇಸ್‌ಬಾರಿಗೆ ಬರೋಣ. ಒಂದು ಅಕ್ಷರದ ಕೀಲಿಯು ಆಕ್ರಮಿಸುವ ಜಾಗ ಮುಕ್ಕಾಲು ಅಂಗುಲ, ಅಂದರೆ ೧೯.೦೫ ಮಿಲಿಮೀಟರು. ಇದನ್ನು ಒಂದು ಮಾನವೆಂದು ಹಿಡಿದರೆ ಸ್ಪೇಸ್‌ಬಾರಿನ ಸಾಮಾನ್ಯ ಉದ್ದ ೬.೨೫ ಮಾನ, ಸುಮಾರು ೧೨ ಸೆಂಟಿಮೀಟರು. ಇಷ್ಟು ಉದ್ದದ ಪಟ್ಟಿಯ ಕೆಳಗೆ ಸ್ವಿಚ್ಚು ಇರುವುದು ಒಂದೇ, ಅದೂ ನಟ್ಟನಡುವೆ. ಬೆರಳಚ್ಚು ಶಾಲೆಗಳಲ್ಲಿ ಅಂತರವನ್ನು ಬಲಗೈಯ ಹೆಬ್ಬೆರಳಿನಿಂದ ಒತ್ತಲು ಕಲಿಸುತ್ತಾರೆ. ಆ ಹೆಬ್ಬೆರಳು ಬೀಳುವುದು ನಡುವಿನಲ್ಲಲ್ಲ, ಬಲಕ್ಕೆ ಸರಿದು. ಮೇಜಿನ ಡ್ರಾಯರನ್ನು ಒಂದೇ ಮೂಲೆಯಿಂದ ಎಳೆದರೆ ಅದು ಓರೆಯಾಗಿ ಸಿಕ್ಕಿಕೊಳ್ಳುವುದನ್ನು ಎಲ್ಲರೂ ನೋಡಿದ್ದೇವೆ. ಉದ್ದನೆಯ ಪಟ್ಟಿಯ ಒಂದು ತುದಿಯನ್ನು ಒತ್ತಿದರೂ ಹಾಗೆಯೇ. ಆ ತುದಿ ತಗ್ಗಿ ಈ ತುದಿ ಎದ್ದು, ನಡುವಿನ ಕಾಂಡವು ತನ್ನ ಗೂಡಿನಲ್ಲಿ ಓರೆಯಾಗಿ ಸಿಕ್ಕಿಬೀಳುತ್ತದೆ.

ಇದನ್ನು ತಪ್ಪಿಸುವುದಕ್ಕಾಗಿ ಇರುವ ಏರ್ಪಾಡಿಗೆ ಸ್ಟೆಬಿಲೈಸರ್ ಎಂದು ಹೆಸರು. ಇದು ಫ್ರಿಜ್ಜಿನ ಪಕ್ಕದಲ್ಲಿಡುವ ವಿದ್ಯುತ್ತಿನ ಸ್ಟೆಬಿಲೈಸರ್ ಅಲ್ಲ. ಸ್ಪೇಸ್‌ಬಾರಿನ ಎರಡು ಕಡೆಗಳಲ್ಲಿ, ಒಂದಕ್ಕೊಂದು ೧೦ ಸೆಂಟಿಮೀಟರು ದೂರದಲ್ಲಿ, ಎರಡು ಸಣ್ಣ ಪ್ಲಾಸ್ಟಿಕ್ ಗೂಡುಗಳಿರುತ್ತವೆ. ಅವೆರಡನ್ನೂ ಎರಡೂ ತುದಿಗಳಲ್ಲಿ ಬಾಗಿಸಿದ ಒಂದು ಉಕ್ಕಿನ ತಂತಿಯು ಜೋಡಿಸುತ್ತದೆ. ಒಂದು ಕಡೆ ಒತ್ತಿದಾಗ ತಂತಿಯು ತಿರುಗಿ, ಇನ್ನೊಂದು ಕಡೆಯನ್ನೂ ಅಷ್ಟೇ ಕೆಳಗಿಳಿಸುತ್ತದೆ. ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತುಗಳಂತೆ ಎರಡು ತುದಿಗಳೂ ಕೂಡಿಯೇ ನಡೆಯುತ್ತವೆ. ಈ ಉಪಾಯವು ಹೊಸದೇನಲ್ಲ. ಅಮೆರಿಕದ ಕ್ರಿಸ್ಟೋಫರ್ ಶೋಲ್ಸ್ ಮತ್ತು ಅವನ ಸಂಗಡಿಗರು ೧೮೬೮ರಲ್ಲಿ ಹಕ್ಕುಪತ್ರ ಪಡೆದು, ರೆಮಿಂಗ್ಟನ್ ಕಂಪನಿಯು ೧೮೭೪ರಲ್ಲಿ ಮಾರಾಟಕ್ಕಿಟ್ಟ ಬೆರಳಚ್ಚು ಯಂತ್ರದಲ್ಲಿಯೇ ಕೀಲಿಗಳ ಕೆಳಗೆ ಅಗಲವಾದ ಅಂತರದ ಪಟ್ಟಿಯಿತ್ತು. ಮುಂದೆ ಬಂದ ಯಂತ್ರಗಳಲ್ಲಿ ಆ ಪಟ್ಟಿಯನ್ನು ಎರಡು ತೋಳುಗಳ ಮೇಲೆ ನಿಲ್ಲಿಸಿ, ಎಲ್ಲಿ ಒತ್ತಿದರೂ ಸಮನಾಗಿ ಇಳಿಯುವಂತೆ ಮಾಡಿದರು. ನಮ್ಮ ದೇಶದಲ್ಲಿ ೧೯೫೫ರಿಂದ ಬೆರಳಚ್ಚು ಯಂತ್ರ ತಯಾರಿಸುತ್ತಿದ್ದ ಗೋದ್ರೇಜ್ ಕಂಪನಿಯು ೨೦೦೯ರಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಯಂತ್ರ ಹೋದರೂ ಆ ಎರಡು ತೋಳುಗಳ ಕೆಲಸವನ್ನು ಇಂದು ಈ ಸಣ್ಣ ತಂತಿಯು ಮಾಡುತ್ತಿದೆ.

ಸ್ಪೇಸ್‌ಬಾರಿನ ದೋಷಗಳಲ್ಲಿ ಬಹುಪಾಲು ಹುಟ್ಟುವುದು ಸ್ವಿಚ್ಚಿನಲ್ಲಲ್ಲ, ಈ ತಂತಿಯಲ್ಲಿ. ತಂತಿಯ ಒಂದು ಕಾಲು ಕೂದಲೆಳೆಯಷ್ಟು ಮೇಲಿದ್ದರೂ ಆ ತುದಿಯಲ್ಲಿ ‘ಟಿಕ್’ ಎಂದು ಸದ್ದಾಗುತ್ತದೆ. ಗೂಡಿಗೂ ತಂತಿಗೂ ನಡುವೆ ಸಡಿಲವಿದ್ದರೆ ಹಳೆಯ ಬಸ್ಸಿನ ಕಿಟಕಿಯಂತೆ ಗಡಗಡಿಸುತ್ತದೆ. ಬಿಗಿಯಾದರೆ ಕೆಳಗಿಳಿದ ಪಟ್ಟಿಯು ಮೇಲೇಳಲು ತಡ ಮಾಡುತ್ತದೆ. ಅಷ್ಟರಲ್ಲಿ ಎರಡನೆಯ ಒತ್ತು ಬಂದರೆ ಅಂತರವೇ ಬೀಳುವುದಿಲ್ಲ. ಇದಕ್ಕೆ ವಿರುದ್ಧವಾದುದು ಒಂದು ಒತ್ತಿಗೆ ಎರಡು ಅಂತರ ಬೀಳುವುದು. ಅದು ಸ್ವಿಚ್ಚಿನೊಳಗಿನ ಲೋಹದ ಎಲೆಗಳು ದೂಳಿನಿಂದಲೋ ಸವೆತದಿಂದಲೋ ಒಮ್ಮೆ ಮುಟ್ಟುವ ಬದಲು ಅದುರಿ ಎರಡು ಸಲ ಮುಟ್ಟುವುದರ ಫಲ.

ಪಟ್ಟಿಯನ್ನು ಮಾಡಿದ ಪ್ಲಾಸ್ಟಿಕ್ಕೂ ಗಮನಾರ್ಹ. ಎಬಿಎಸ್ ಎಂಬ ಪ್ಲಾಸ್ಟಿಕ್ಕು ಕೆಲಕಾಲದಲ್ಲಿ ಬೆರಳು ತಗಲಿ ನುಣುಪಾಗಿ ಹೊಳೆಯತೊಡಗುತ್ತದೆ. ಪಿಬಿಟಿ ಎಂಬುದು ಹಾಗೆ ಹೊಳೆಯುವುದಿಲ್ಲವಾದ್ದರಿಂದ ಅದೇ ಉತ್ತಮವೆಂದು ಜಾಹೀರಾತುಗಳು ಸಾರುತ್ತವೆ. ಅಕ್ಷರದ ಕೀಲಿಗಳ ಮಟ್ಟಿಗೆ ಈ ಮಾತು ಸರಿ. ಆದರೆ ಪಿಬಿಟಿಯು ಅಚ್ಚಿನಿಂದ ತೆಗೆದು ಆರುವಾಗ ಹೆಚ್ಚು ಕುಗ್ಗುವುದರಿಂದ ಉದ್ದನೆಯ ಪಟ್ಟಿಯು ಬಾಳೆಕಾಯಿಯಂತೆ ಬಾಗುವ ಸಂಭವವುಂಟು. ಬಾಗಿದ ಪಟ್ಟಿಗೆ ಎಂಥ ಸ್ಟೆಬಿಲೈಸರ್ ಇದ್ದರೂ ಪ್ರಯೋಜನವಿಲ್ಲ. ಪಟ್ಟಿಯನ್ನು ಕಳಚಿ ಕನ್ನಡಿಯ ಮೇಲೆ ಬೋರಲಿಟ್ಟು, ಕೆಳ ಅಂಚು ಉದ್ದಕ್ಕೂ ಕನ್ನಡಿಯನ್ನು ಮುಟ್ಟುತ್ತದೆಯೇ ಎಂದು ನೋಡಿದರೆ ಬಾಗು ತಿಳಿಯುತ್ತದೆ.

ಇಷ್ಟು ತಿಳಿದ ಮೇಲೆ ಅಂಗಡಿಯಲ್ಲಿ ಪರೀಕ್ಷಿಸುವುದು ಕಷ್ಟವಲ್ಲ. ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಹೇಳುತ್ತೇನೆ. ಮೊದಲನೆಯದಾಗಿ, ಕೀಲಿಮಣೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಪಟ್ಟಿಯು ಎಡಬಲ ಸಮನಾಗಿದೆಯೇ ಎಂದು ನೋಡಬೇಕು. ಎರಡನೆಯದಾಗಿ, ಎಡತುದಿ, ನಡು, ಬಲತುದಿ ಈ ಮೂರು ಕಡೆಗಳಲ್ಲಿ ಒಂದೊಂದು ಸಲ ಒತ್ತಿ, ಮೂರಕ್ಕೂ ಒಂದೇ ಬಲ ಸಾಕೇ, ಸದ್ದು ಒಂದೇ ಇದೆಯೇ ಎಂದು ಗಮನಿಸಬೇಕು. ಮೂರನೆಯದಾಗಿ, ತುದಿಯಲ್ಲಿ ಬೆರಳಿಟ್ಟು ಬಹಳ ನಿಧಾನವಾಗಿ ಒತ್ತಿ ನಿಧಾನವಾಗಿ ಬಿಡಬೇಕು. ವೇಗದಲ್ಲಿ ಮರೆಯಾಗುವ ತೊಡಕು ನಿಧಾನದಲ್ಲಿ ಬೆಳಕಿಗೆ ಬರುತ್ತದೆ. ನಾಲ್ಕನೆಯದಾಗಿ, ಗಣಕಯಂತ್ರಕ್ಕೆ ಜೋಡಿಸಿ, ‘ಕ’ ಎಂಬ ಅಕ್ಷರ, ಒಂದು ಅಂತರ, ಮತ್ತೆ ‘ಕ’ ಹೀಗೆ ನೂರು ಸಲ ವೇಗವಾಗಿ ಒತ್ತಬೇಕು. ಬಳಿಕ ಹುಡುಕುವ ಸೌಲಭ್ಯದಲ್ಲಿ ಎರಡು ಅಂತರಗಳನ್ನು ಕೊಟ್ಟು ಹುಡುಕಿದರೆ ಹೆಚ್ಚಾಗಿ ಬಿದ್ದ ಅಂತರಗಳೂ, ‘ಕಕ’ ಎಂದು ಕೊಟ್ಟು ಹುಡುಕಿದರೆ ಬೀಳದೆ ಹೋದ ಅಂತರಗಳೂ ಸಿಕ್ಕಿಬೀಳುತ್ತವೆ. ಇದಕ್ಕೆಲ್ಲ ಐದು ನಿಮಿಷ ಸಾಕು. ಕಲಬುರಗಿಯ ಸೂಪರ್ ಮಾರ್ಕೆಟ್ಟಿಗೆ ಬಸ್ಸಿನಲ್ಲಿ ಹೋಗಿ ಬರುವ ನಾವು ಐದು ನಿಮಿಷಕ್ಕೆ ಸಂಕೋಚಪಡಬಾರದು. ಮನೆಗೆ ತರಿಸಿಕೊಳ್ಳುವವರು ಹಿಂತಿರುಗಿಸುವ ಅವಧಿಯನ್ನು ಮೊದಲೇ ತಿಳಿದುಕೊಂಡು, ಬಂದ ದಿನವೇ ಈ ಪರೀಕ್ಷೆಗಳನ್ನು ಮಾಡತಕ್ಕದ್ದು.

ಬಾಳಿಕೆಯ ಲೆಕ್ಕವನ್ನೂ ಹಾಕೋಣ. ಮೆಕ್ಯಾನಿಕಲ್ ಸ್ವಿಚ್ಚು ಐದು ಕೋಟಿ ಒತ್ತುಗಳನ್ನು ತಾಳುತ್ತದೆಂದು ತಯಾರಕರು ಸಾಮಾನ್ಯವಾಗಿ ಹೇಳುತ್ತಾರೆ. ನಿಮಿಷಕ್ಕೆ ೩೦ ಪದಗಳಂತೆ ದಿನಕ್ಕೆ ಎರಡು ಗಂಟೆ ಬೆರಳಚ್ಚು ಮಾಡಿದರೆ ೩,೬೦೦ ಅಂತರಗಳು. ವರ್ಷಕ್ಕೆ ೩೦೦ ದಿನಗಳೆಂದರೆ ೧೦,೮೦,೦೦೦. ಈ ಲೆಕ್ಕದಲ್ಲಿ ಸ್ವಿಚ್ಚು ೪೬ ವರ್ಷ ಬಾಳಬೇಕು! ಐವತ್ತು ಲಕ್ಷ ಒತ್ತುಗಳ ಮೆಂಬ್ರೇನ್ ಕೂಡ ನಾಲ್ಕೂವರೆ ವರ್ಷ ಬರುತ್ತದೆ. ಹೀಗಿದ್ದೂ ಕೀಲಿಮಣೆಗಳು ಬೇಗ ಕೆಡುವುದೇಕೆ? ಒತ್ತುಗಳ ಸಂಖ್ಯೆಯಿಂದಲ್ಲ, ದೂಳಿನಿಂದ, ಅಲಕ್ಷ್ಯದಿಂದ. ನಮ್ಮದು ಎರೆಭೂಮಿ. ತೊಗರಿಯ ರಾಶಿ ನಡೆಯುವ ದಿನಗಳಲ್ಲಿ ಹೊಟ್ಟಿನ ದೂಳು ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ. ಬೇಸಗೆಯಲ್ಲಿ ಬಿಸಿಗಾಳಿಯೊಡನೆ ಮಣ್ಣಿನ ಪುಡಿ ಬರುತ್ತದೆ. ಆದುದರಿಂದ ಕೆಲಸ ಮುಗಿದೊಡನೆ ಕೀಲಿಮಣೆಯ ಮೇಲೆ ಒಂದು ಬಟ್ಟೆ ಹೊದಿಸುವುದು, ವಾರಕ್ಕೊಮ್ಮೆ ತಲೆಕೆಳಗು ಮಾಡಿ ಮೆಲ್ಲನೆ ತಟ್ಟಿ ಕುಂಚದಿಂದ ಗುಡಿಸುವುದು ಅವಶ್ಯ. ಪಟ್ಟಿಯು ಕಿರುಗುಟ್ಟಿತೆಂದು ಕೊಬ್ಬರಿ ಎಣ್ಣೆಯನ್ನಾಗಲಿ ಹೊಲಿಗೆ ಯಂತ್ರದ ಎಣ್ಣೆಯನ್ನಾಗಲಿ ಬಿಡಬಾರದು. ಎಣ್ಣೆಯು ದೂಳನ್ನು ಹಿಡಿದು ಕೆಸರಾಗುತ್ತದೆ. ಸ್ಟೆಬಿಲೈಸರಿನ ತಂತಿಯ ತುದಿಗಳಿಗೆ ಪ್ಲಾಸ್ಟಿಕ್ಕನ್ನು ಕೆಡಿಸದ ಸಿಲಿಕೋನ್ ಗ್ರೀಸನ್ನು ಕಡ್ಡಿಯ ತುದಿಯಷ್ಟು ಹಚ್ಚಿದರೆ ಸಾಕು.

ಹಾಗಾದರೆ ಬಡ ವಿದ್ಯಾರ್ಥಿಯು ಏನನ್ನು ಕೊಳ್ಳಬೇಕು? ನನ್ನ ಮಟ್ಟಿಗೆ ಉತ್ತರ ಸರಳ. ವಾರಕ್ಕೆ ಒಂದೆರಡು ಗಂಟೆ ಮಾತ್ರ ಬರೆಯುವವನಿಗೆ, ಮೇಲೆ ಹೇಳಿದ ನಾಲ್ಕು ಪರೀಕ್ಷೆಗಳಲ್ಲಿ ತೇರ್ಗಡೆಯಾದ ಅಗ್ಗದ ಮೆಂಬ್ರೇನ್ ಸಾಕು. ಮೆಂಬ್ರೇನಿನ ಸ್ಪೇಸ್‌ಬಾರಿಗೂ ಒಳಗೆ ತಂತಿಯಿರುತ್ತದೆ, ಪರೀಕ್ಷೆ ಅದಕ್ಕೂ ಸಲ್ಲುತ್ತದೆ. ಬೆರಳಚ್ಚನ್ನೇ ಜೀವನೋಪಾಯ ಮಾಡಿಕೊಳ್ಳಬೇಕೆಂದಿರುವವನು ತುಸು ಹಣ ಕೂಡಿಸಿ ಮೆಕ್ಯಾನಿಕಲ್ ಕೊಳ್ಳಲಿ. ಅದರಲ್ಲಿಯೂ ದೀಪಗಳಿಗೆ ಕೊಡುವ ಹಣವನ್ನು ಉಳಿಸಿ, ಸ್ವಿಚ್ಚನ್ನು ಬೆಸುಗೆಯಿಲ್ಲದೆ ಕಿತ್ತು ಬದಲಿಸಬಹುದಾದ ಬಗೆಯನ್ನು ಆರಿಸಲಿ. ನಡುವಿನ ಆ ಒಂದು ಸ್ವಿಚ್ಚು ಕೆಟ್ಟರೆ ಕೆಲವೇ ರೂಪಾಯಿಗಳಲ್ಲಿ ಹೊಸದನ್ನು ಹಾಕಿಕೊಳ್ಳಬಹುದು. ಇಬ್ಬರು ಮೂವರು ಗೆಳೆಯರು ಕೂಡಿ ಒಂದನ್ನು ಕೊಂಡು ಸರದಿಯಂತೆ ಅಭ್ಯಾಸ ಮಾಡುವುದೂ ಯೋಗ್ಯವೇ. ಕೆಟ್ಟ ಸ್ಪೇಸ್‌ಬಾರಿನ ಮೇಲೆ ಆರು ತಿಂಗಳು ಕಲಿತ ಕೈಯು ಒತ್ತಬೇಕಾದುದಕ್ಕಿಂತ ಹೆಚ್ಚು ಬಲವಾಗಿ ಗುದ್ದುವ ಅಭ್ಯಾಸ ಮಾಡಿಕೊಳ್ಳುತ್ತದೆ; ಪರೀಕ್ಷೆಯ ದಿನ ಬೇರೆ ಕೀಲಿಮಣೆ ಎದುರಿಗೆ ಬಂದಾಗ ಅದೇ ಕೈ ಎರಡೆರಡು ಅಂತರಗಳನ್ನು ಹಾಕುತ್ತದೆ.

ನಮ್ಮ ಕಾಲೇಜಿನ ಅಧ್ಯಾಪಕ ವೃಂದದವರಲ್ಲಿ ನನ್ನದೊಂದು ವಿನಂತಿ. ಗಣಕಯಂತ್ರದ ಕೋಣೆಗೆ ಮುಂದೆ ಕೀಲಿಮಣೆಗಳನ್ನು ತರಿಸುವಾಗ ಬೆಲೆಪಟ್ಟಿಯ ಜತೆಗೆ ಈ ಐದು ನಿಮಿಷದ ಪರೀಕ್ಷೆಯನ್ನೂ ಸೇರಿಸಿದರೆ, ಅದರ ಲಾಭವು ಮುಂದಿನ ತರಗತಿಗಳವರಿಗೆ ದೊರೆಯುವುದು. ನಾಳೆ ಆಳಂದದಲ್ಲಿಯೋ ಅಫಜಲಪುರದಲ್ಲಿಯೋ ಜೇವರ್ಗಿಯಲ್ಲಿಯೋ ನಮ್ಮಲ್ಲೊಬ್ಬರು ಮೇಜಿನ ಮುಂದೆ ಕುಳಿತು, ಎದುರಿಗೆ ನಿಂತ ಹಿರಿಯರೊಬ್ಬರ ಹೆಸರನ್ನು ಬೆರಳಚ್ಚು ಮಾಡುವಾಗ, ‘ಹೊಸಮನಿ’ಯವರು ಹೊಸಮನಿಯವರಾಗಿಯೇ ದಾಖಲೆಗೆ ಸೇರಲಿ, ಒಂದು ಅಂತರಕ್ಕಾಗಿ ಅವರು ಮತ್ತೊಂದು ದಿನದ ಕೂಲಿ ಬಿಟ್ಟು ಬರುವಂತಾಗದಿರಲಿ.